ಟೋಪಿ ಹರಿದದ್ದು ಒಳ್ಳೆಯದಾಯ್ತು

ದಾವಣಗೆರೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದಲ್ಲಿರುವುದು ಇಷ್ಟು: "ಮಗಳಿಗೆ ನಾಲ್ಕೂವರೆ ವರ್ಷ. ಪಕ್ಕದ ಮನೆಯವರು ಮಗನಿಗೆ ತಿಂಗಳಿಗೊಂದು ಆಕ್ಟಿವಿಟಿ ಕಿಟ್ ತರಿಸುತ್ತಾರೆ. ಡಬ್ಬ ತೆಗೆದರೆ ಎಲ್ಲ ರೆಡಿ. ಅರ್ಧ ಗಂಟೆಯಲ್ಲಿ ಆ ಹುಡುಗ ಚಂದದ ಗೂಬೆ ಮಾಡಿ ತೋರಿಸುತ್ತಾನೆ. ನಾನು ನಿಮ್ಮ ಪತ್ರಿಕೆ ನೋಡಿ ಹಳೇ ಪೇಪರ್‌ನಲ್ಲಿ ಟೋಪಿ ಮಾಡಿಸಿದೆ. ಐದು ನಿಮಿಷ ಹಾಕಿಕೊಂಡಳು, ಆಮೇಲೆ ಕೂತು ಚೂರು ಚೂರು ಹರಿದಳು. ನಮ್ಮ ಯಜಮಾನರು ಮಣ್ಣಲ್ಲಿ ಆಡಲಿ ಬಿಡು ಅಂತಾರೆ. ನಾವೂ ಕಿಟ್ ತರಿಸಬೇಕಾ? ಇಲ್ಲಾಂದ್ರೆ ಮಗಳು ಹಿಂದೆ ಬೀಳ್ತಾಳಾ?"

ಮೊದಲು ಕಿಟ್‌ನವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೂ ದುಡಿದು ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ, ಹನ್ನೊಂದನೇ ಮಹಡಿಯಲ್ಲಿ ಕೂತು ಹಿಡಿ ಮಣ್ಣಿಗೂ ದುಡ್ಡು ಕೊಡಬೇಕಾದವರಿಗೆ ಅದು ಅನುಕೂಲವೇ. ಮೊಬೈಲ್ ಕೊಟ್ಟು ಕೂರಿಸುವುದಕ್ಕಿಂತ ಸಾವಿರ ಪಾಲು ವಾಸಿ. ಆಯ್ತು. ಇನ್ನು ನನ್ನ ಮಾತು.

ತಾಯೀ, ನಿಮ್ಮ ಪತ್ರದಲ್ಲಿ ಒಂದು ಪದ ನೋಡಿ ನಿಂತುಬಿಟ್ಟೆ. ಟೋಪಿ "ಮಾಡಿಸಿದೆ" ಎಂದು ಬರೆದಿದ್ದೀರಿ. ಮಡಚಿದ್ದು ಯಾರು? ನನ್ನ ಅಂದಾಜು, ನೀವೇ. ಮೂಲೆಗೆ ಮೂಲೆ ಕೂರಿಸಿ, ಉಗುರಲ್ಲಿ ಗೀರಿ, ಕೊನೆಯ ಮಡಿಕೆಗೆ ಮಾತ್ರ ಅವಳ ಕೈ ಹಿಡಿದು ಒತ್ತಿಸಿರುತ್ತೀರಿ. ಹೌದಾ? ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದನ್ನೇ ಮಾಡಿದವನು. ಆ ಟೋಪಿಯ ಕಥೆಯಲ್ಲಿ ಪೂರ್ತಿ ಅವಳದೇ ಆದ ಕೆಲಸ ಅಂದರೆ ಹರಿದದ್ದು.

ಹರಿಯುವುದನ್ನು ಸುಮ್ನೆ ಹಾಳು ಮಾಡುವುದು ಅಂದುಕೊಳ್ಳಬೇಡಿ. ಒಂದು ದಿನಪತ್ರಿಕೆಯ ಹಾಳೆ ತೆಗೆದುಕೊಂಡು ಮೇಲಿಂದ ಕೆಳಕ್ಕೆ ಹರಿಯಿರಿ. ಸ್ಕೇಲ್ ಇಟ್ಟ ಹಾಗೆ ನೇರ ಹೋಗುತ್ತದೆ. ಈಗ ಅಡ್ಡಡ್ಡ ಹರಿಯಿರಿ. ಎರಡು ಇಂಚು ದಾಟುವುದರೊಳಗೆ ಸೊಟ್ಟ. ಕಾರ್ಖಾನೆಯಲ್ಲಿ ಕಾಗದದ ತಿರುಳು ಓಡುವ ಜಾಲರಿಯ ಮೇಲೆ ಬೀಳುವಾಗ ನಾರುಗಳೆಲ್ಲ ಓಟದ ದಿಕ್ಕಿಗೇ ಜಾಸ್ತಿ ಮಲಗುತ್ತವೆ. ಸೌದೆ ಸೀಳಿದ ಹಾಗೆ, ಆ ದಿಕ್ಕಿಗೆ ಸಲೀಸು. ಜೀವಮಾನವೆಲ್ಲ ಕಾಗದದ ನಡುವೆ ಕೂತ ನಾನು ಇದನ್ನು ಗಮನಿಸಿರಲಿಲ್ಲ. ತೋರಿಸಿಕೊಟ್ಟದ್ದು ಐದು ವರ್ಷದ ಮೊಮ್ಮಗಳು. "ಅಜ್ಜಾ, ಪೇಪರ್ ಈ ಕಡೆ ಮಾತು ಕೇಳುತ್ತೆ, ಆ ಕಡೆ ಕೇಳಲ್ಲ" ಅಂದಳು. ನಾರು ಗೀರು ಎಂದು ವಿವರಿಸಲು ಹೋದೆ, ಅಷ್ಟರಲ್ಲಿ ಎದ್ದು ಹೋಗಿದ್ದಳು.

ಕುತೂಹಲಕ್ಕೆ ನಾನೂ ಒಂದು ಕಿಟ್ ತರಿಸಿ ಬಿಚ್ಚಿದ್ದೆ. ನನಗೆ ಬಂದದ್ದೂ ಗೂಬೆಯೇ! ರೆಕ್ಕೆ ಕತ್ತರಿಸಿಯೇ ಬಂದಿತ್ತು. ಕಣ್ಣಿನ ಹಿಂದೆ ಅಂಟು ಮೊದಲೇ ಇತ್ತು. ಎಲ್ಲಿ ಅಂಟಿಸಬೇಕು ಅಂತ ಚುಕ್ಕಿಯ ಗೆರೆ ಬೇರೆ. ಸಾಮಾನು ಹುಡುಕುವುದು, ಕತ್ತರಿ ಓರೆಯಾಗುವುದು, ಗೋಂದು ಜಾಸ್ತಿಯಾಗಿ ಬೆರಳು ಬೆರಳಿಗೇ ಅಂಟಿಕೊಳ್ಳುವುದು, ಈ ಮಜವನ್ನೆಲ್ಲ ಯಾವನೋ ಕಾರ್ಖಾನೆಯವನು ಅನುಭವಿಸಿ ಮುಗಿಸಿದ್ದ. ಮಗುವಿಗೆ ಉಳಿದದ್ದು ಲಕೋಟೆಗೆ ಸ್ಟಾಂಪ್ ಹಚ್ಚುವ ಕೆಲಸ.

ಡಬ್ಬದ ಮೇಲೆ ಮಾಂಟೆಸ್ಸರಿ ಎಂದು ಬೇರೆ ಅಚ್ಚಾಗಿತ್ತು. ಆ ಹೆಸರಿನ ಶಿಕ್ಷಣ ಪದ್ಧತಿ ಹುಟ್ಟುಹಾಕಿದ ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಅಪ್ಪ ಅಮ್ಮ ಕೂಲಿಗೆ ಹೋದ ಮಕ್ಕಳಿಗಾಗಿ. 1939ರಲ್ಲಿ ಮದರಾಸಿನ ಅಡ್ಯಾರಿಗೂ ಬಂದು, ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ, ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದರು. ಅವರ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಗುಂಡಿ ಹಾಕುತ್ತಾರೆ, ನೆಲ ಗುಡಿಸುತ್ತಾರೆ, ಒಂದು ಜಗ್‌ನಿಂದ ಇನ್ನೊಂದಕ್ಕೆ ನೀರು ಸುರಿಯುತ್ತಾರೆ. ನೀರು ಸುರಿಯಲು ನಿಮ್ಮ ಮನೆಯಲ್ಲಿ ಎರಡು ಲೋಟ ಇಲ್ವಾ?

ಇನ್ನೊಬ್ಬರ ಹೆಸರು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿ, ಕಸದಿಂದ ಆಟಿಕೆ ಮಾಡುವುದನ್ನೇ ಜೀವನ ಮಾಡಿಕೊಂಡವರು. 2018ರಲ್ಲಿ ಪದ್ಮಶ್ರೀ ಬಂತು. ಅವರದೊಂದು ಆಟಕ್ಕೆ ಬೇಕಾದ್ದು ಬೆಂಕಿಕಡ್ಡಿ ಮತ್ತು ಸೈಕಲ್ ಶಾಪಿನಲ್ಲಿ ಸಿಗುವ ಸಣ್ಣ ರಬ್ಬರ್ ವಾಲ್ವ್ ಟ್ಯೂಬಿನ ಚೂರು, ಅಷ್ಟೆ. ಕಡ್ಡಿಗೆ ಟ್ಯೂಬ್ ಸಿಕ್ಕಿಸಿ ಒಂದು ತ್ರಿಕೋನ, ಒಂದು ಚೌಕ ಕಟ್ಟಿ. ಚೌಕವನ್ನು ಬೆರಳಿಂದ ಒತ್ತಿದರೆ ವಾಲಿಕೊಳ್ಳುತ್ತದೆ. ತ್ರಿಕೋನ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ರೈಲು ಸೇತುವೆಯ ಕಬ್ಬಿಣದಲ್ಲಿ ಅಷ್ಟೊಂದು ತ್ರಿಕೋನ ಯಾಕಿವೆ ಅಂತ ಮುಂದೊಂದು ದಿನ ಅವಳೇ ನಿಮಗೆ ಹೇಳಬಹುದು. ಕಡ್ಡಿಯ ಮದ್ದು ಕೆರೆದು ತೆಗೆದು ಕೊಡಿ, ಚೂರು ಬಾಯಿಗೆ ಹಾಕದ ಹಾಗೆ ಪಕ್ಕದಲ್ಲೇ ಕೂತಿರಿ, ಅಷ್ಟು ಸಾಕು.

ಈಗ ನಿಮ್ಮ ಯಜಮಾನರ ಮಣ್ಣಿಗೆ ಬರೋಣ. ನಿಮ್ಮ ಕಡೆ ಕಾರ ಹುಣ್ಣಿಮೆ ಕಳೆದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ನಾವು ಚಿಕ್ಕವರಿದ್ದಾಗ ಕೆರೆಯಿಂದ ಮಣ್ಣು ತಂದು, ಕಲ್ಲು ಆರಿಸಿ, ನಾದಿ, ಎತ್ತು ಮಾಡುತ್ತಿದ್ದೆವು. ನನ್ನ ಮೊದಲ ಎತ್ತಿಗೆ ತೆಳ್ಳನೆ ಉದ್ದ ಕಾಲು ಇಟ್ಟಿದ್ದೆ, ನೋಡಲು ಚಂದ ಅಂತ. ಮೈ ಕೂರಿಸಿದ್ದೇ ತಡ, ಮೊಣಕಾಲೂರಿತು. ಕಾಲು ದಪ್ಪ ಮಾಡಿದೆ, ಆಗ ಎತ್ತು ಎಮ್ಮೆಯಾಯಿತು. ಅವ್ವ ನಗಲಿಲ್ಲ, ಅದನ್ನೇ ಪೂಜೆಗಿಟ್ಟಳು! ಈಗ ಸಂತೆಯಲ್ಲಿ ಅಚ್ಚಿನ ಎತ್ತು ಸಿಗುತ್ತವೆ, ಬಣ್ಣ ಹೊಡೆದು ಮಿರಿಮಿರಿ. ಕುಂಬಾರರ ಹೊಟ್ಟೆ ತುಂಬಬೇಕು, ಖಂಡಿತ ಒಂದು ಜೊತೆ ಕೊಳ್ಳಿ. ಪಕ್ಕದಲ್ಲಿ ಮಗಳ ಎಮ್ಮೆಗೂ ಜಾಗ ಇರಲಿ. ಅಮಾವಾಸ್ಯೆ ಆದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಎಂಬ ಮಣ್ಣಿನ ದೇವಿಯನ್ನು ಮಾಡುವ ಮನೆಗಳೂ ಇವೆ. ಅದಕ್ಕೆ ಅಲಂಕಾರಕ್ಕೆ ಒತ್ತುವ ಗುಲಗಂಜಿ ಮಾತ್ರ ಚಿಕ್ಕವರ ಕೈಗೆ ಕೊಡಬೇಡಿ, ಆ ಕಾಳು ವಿಷ.

ಮಳೆ ಬಂದು ಹೊರಗೆ ಬಿಡಲಾಗದಿದ್ದರೆ ಅಡಿಗೆಮನೆ ಇದೆ. ಬಿಳಿ ಕಾಗದಕ್ಕೆ ಅರಿಸಿನದ ನೀರು ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಗೀಚಲಿ, ಕೆಂಪು ಗೆರೆ ಏಳುತ್ತದೆ. ಮೇಲೆ ನಿಂಬೆರಸ ಮುಟ್ಟಿಸಿದರೆ ಮತ್ತೆ ಹಳದಿ. ಓಕುಳಿಗೆ ಅರಿಸಿನ ಸುಣ್ಣ ಕಲೆಸುವುದೂ ಇದೇ ಗುಟ್ಟು. ಖರ್ಚು ಅರ್ಧ ನಿಂಬೆಹಣ್ಣು.

"ಹಿಂದೆ ಬೀಳ್ತಾಳಾ" ಎಂದು ಕೇಳಿದ್ದೀರಿ. ಯಾರಿಂದ ಹಿಂದೆ? ಈ ಭಯ ಹುಟ್ಟಿಸಿದ್ದರಲ್ಲಿ ಶಾಲೆಗಳ ಪಾಲೂ ಇದೆ, ಹೇಳಿಯೇ ಬಿಡುತ್ತೇನೆ. ನನ್ನ ಅಣ್ಣನ ಮೊಮ್ಮಗ ಒಂದನೇ ಕ್ಲಾಸು. ಸೌರಮಂಡಲ ಮಾಡಿಕೊಂಡು ಬಾ ಅಂದರಂತೆ. ಅವರಪ್ಪ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮಾಕೋಲ್ ಕೊರೆದ. ಹುಡುಗ ಒಂಬತ್ತಕ್ಕೇ ನಿದ್ದೆ ಹೋಗಿದ್ದ. ಬೆಳಿಗ್ಗೆ ಆ ನಿದ್ದೆಗಣ್ಣಿನವನ ಕೈಗೆ ಶನಿಯನ್ನು ಬಳೆ ಸಮೇತ ಕೊಟ್ಟು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಟೀಚರ್ ಸ್ಟಾರ್ ಕೊಟ್ಟರು. ಯಾರಿಗೆ ಕೊಟ್ಟರು ಅಂತ ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಶಾಲೆ ಎದುರಿನ ಸ್ಟೇಷನರಿ ಅಂಗಡಿಯಲ್ಲಂತೂ ರೆಡಿ ಸೌರಮಂಡಲವೇ ಮಾರುತ್ತಾರೆ. ಇದೇ ರಾಜ್ಯದ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ 1995ರಲ್ಲೇ ನಲಿ-ಕಲಿ ಅಂತ ಶುರು ಮಾಡಿ, ಮಕ್ಕಳೇ ಮಾಡುತ್ತಾ ಕಲಿಯಲಿ ಅಂದರು. ಆ ಕಡೆ ತಿರುಗಿ ನೋಡಲು ನಮಗೆ ಪುರುಸೊತ್ತಿಲ್ಲ. ದುಡ್ಡು ಕೊಡದೆ ಸಿಕ್ಕಿದ್ದರ ಮೇಲೆ ನಂಬಿಕೆ ಕಮ್ಮಿ, ಅಲ್ವಾ?

ಇರಲಿ. ಟೋಪಿಯ ಚೂರುಗಳನ್ನು ಗುಡಿಸಿ ಎಸೆದಿರುತ್ತೀರಿ. ಇನ್ನೊಂದು ಪೇಪರ್ ಕೊಡಿ, ಹರಿಯಲಿ. ಎರಡು ದಿನ ನೀರಲ್ಲಿ ನೆನೆಹಾಕಿ. ಒಂದು ಹಿಡಿ ಮೆಂತ್ಯ ನೆನೆಸಿ, ಎರಡನ್ನೂ ಸೇರಿಸಿ ರುಬ್ಬಿಕೊಡಿ. ನಮ್ಮ ಅಜ್ಜಿಯರು ಮೊರಕ್ಕೆ ಬಳಿಯುತ್ತಿದ್ದುದು ಇದನ್ನೇ. ಒಂದು ಬೋಗುಣಿ ಬೋರಲು ಹಾಕಿ, ಮೇಲೆ ಹಳೇ ಬಟ್ಟೆ ಹೊದಿಸಿ, ರೊಟ್ಟಿ ತಟ್ಟಿದ ಹಾಗೆ ಅವಳೇ ತಟ್ಟಲಿ. ನಿಮ್ಮ ಕೈ ಹಿಂದೆ ಕಟ್ಟಿಕೊಂಡಿರಿ. ನಾಲ್ಕು ದಿನ ಒಳ್ಳೇ ಬಿಸಿಲು ಬೇಕು, ಒಣಗಿದ ಮೇಲೆ ಬೋಗುಣಿಯಿಂದ ಬಿಡಿಸಿದರೆ ಬುಟ್ಟಿ ರೆಡಿ. ಫೋಟೊ ಕಳಿಸಬೇಡಿ. ಆ ಬುಟ್ಟಿಯಲ್ಲಿ ಅವಳು ಏನು ತುಂಬಿಟ್ಟಳು ಅಂತ ಒಂದು ಕಾರ್ಡ್ ಬರೆಯಿರಿ.