ಚಾರ್ಟಲ್ಲಿ ಇಲ್ಲದ ಮಂಡಿನೋವು

ಹೆಸರು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿ ಬರೀತಿದೀನಿ. ಯಾಕೆ ಬರೀತಿದೀನಿ ಅಂದ್ರೆ, ಮನೆ ಬೇರೆ ಬೇರೆ ಆದ್ರೂ ಕಥೆ ಹೆಚ್ಚುಕಮ್ಮಿ ಇದೇ, ಆಪ್ತಸಲಹೆಗೆ ಅಂತ ನನ್ನ ಹತ್ರ ತಿಂಗಳು ತಿಂಗಳು ಇಂಥವರು ಬರ್ತಾನೇ ಇರ್ತಾರೆ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಶುಗರ್, ಬಿಪಿ ಹಳೇದು, ಆಮೇಲೆ ಹಾರ್ಟ್ ವೀಕ್ ಆಗಿದೆ ಅಂದ್ರು, ಈಗ ಕಿಡ್ನಿಗೂ ಬಂದಿದೆ. ನೋಡ್ಕೊಳ್ಳೋದೆಲ್ಲ ಮಗಳು. ದೂರದಲ್ಲಿರೋ ಅಣ್ಣ ಫೋನಲ್ಲಿ ಬುದ್ಧಿ ಹೇಳ್ತಾನೆ (ಇಂಥ ಒಬ್ಬರು ಸುಮಾರು ಎಲ್ಲಾ ಮನೆಯಲ್ಲೂ ಇರ್ತಾರೆ ಬಿಡಿ). ಮಗಳು ಬಂದಿದ್ದು ತನ್ನ ಕೋಪಕ್ಕೆ ಪರಿಹಾರ ಕೇಳ್ಕೊಂಡು. "ಮೇಡಂ, ಅಮ್ಮ ಮಾತ್ರೆ ನುಂಗಿದ ಹಾಗೆ ಮಾಡಿ ಕಿಟಕಿಯಿಂದ ಎಸೀತಾರೆ, ನಾನು ಕೂಗಾಡ್ತೀನಿ, ಆಮೇಲೆ ರಾತ್ರಿಯೆಲ್ಲ ನನಗೇ ನಿದ್ದೆ ಬರಲ್ಲ." ಜೊತೆಗೆ ಒಂದು ಚಾರ್ಟ್ ತಂದಿದ್ರು, ಶುಗರ್, ಬಿಪಿ, ತೂಕ, ಕುಡಿದ ನೀರು, ಎಲ್ಲದಕ್ಕೂ ಒಂದೊಂದು ಕಾಲಂ. ಒಂದು ದಿನಾನೂ ಖಾಲಿ ಬಿಟ್ಟಿರಲಿಲ್ಲ. ಇಷ್ಟು ಮಾಡಿದ್ರೂ ಕಾಲು ಊತ ಇಳೀತಿಲ್ಲ, ಬಿಪಿ ಇಳೀತಿಲ್ಲ, ಕ್ರಿಯಾಟಿನಿನ್ (ರಕ್ತ ಪರೀಕ್ಷೇಲಿ ಬರೋ ಇದು ಏರಿದ್ರೆ ಕಿಡ್ನಿ ಸೋಲ್ತಿದೆ ಅಂತ) ಏರ್ತಿದೆ, ಹೋದಾಗೆಲ್ಲ ಒಂದು ಮಾತ್ರೆ ಜಾಸ್ತಿ ಆಗ್ತಿದೆ.

ಮುಂದಿನ ಸಲ ಅಮ್ಮನ್ನೂ ಕರ್ಕೊಂಡು ಬನ್ನಿ ಅಂದೆ. ಬಂದ್ರು, ಮಗಳ ಭುಜ ಹಿಡ್ಕೊಂಡು ನಿಧಾನಕ್ಕೆ. ಮಾತ್ರೆ ವಿಷಯ ನಾನು ಎತ್ತಲೇ ಇಲ್ಲ. "ಅಮ್ಮ, ಇಷ್ಟೆಲ್ಲ ಕಾಯಿಲೆ ಇದೆಯಲ್ಲ, ಇದ್ರಲ್ಲಿ ನಿಮಗೆ ಜಾಸ್ತಿ ಕಾಟ ಕೊಡೋದು ಯಾವುದು?" ಅಂತ ಕೇಳಿದೆ.

"ಮಂಡಿ" ಅಂದ್ರು.

ಮಗಳು ನನ್ನ ಮುಖ ನೋಡಿದ್ರು. ಚಾರ್ಟಲ್ಲಿ ಮಂಡಿಗೆ ಕಾಲಂ ಇರಲಿಲ್ಲ.

ಆಮೇಲೆ ಅವರೇ ಹೇಳ್ತಾ ಹೋದ್ರು, "ಆ ನೀರು ಹೋಗೋ ಮಾತ್ರೆ ತಗೊಂಡ್ರೆ ಗಳಿಗೆಗೊಂದು ಸಲ ಬಾತ್‌ರೂಮಿಗೆ ಏಳ್ಬೇಕು, ಏಳೋಕೆ ಮಂಡಿ ಬಿಡಲ್ಲ, ಒಂದ್ಸಲ ತಲುಪೋಷ್ಟರಲ್ಲಿ ಬಟ್ಟೆ ಒದ್ದೆ ಆಯ್ತು, ಇವಳಿಗೆ ಹೇಳೋಕೆ ನಾಚಿಕೆ, ಅದಕ್ಕೆ ಆ ಮಾತ್ರೆ ಒಂದನ್ನೇ ಎಸೀತೀನಿ, ಬೇರೆ ಎಲ್ಲಾ ತಗೋತೀನಿ." ನೋವಿಗೆ ಏನ್ಮಾಡ್ತೀರಿ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಪರಿಚಯದವರೊಬ್ಬರ ಕೈಲಿ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತರಿಸ್ಕೋತಿದ್ದೆ ಅಂದ್ರು. ಡೈಕ್ಲೋಫೆನಾಕ್.

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಇದು ತುಂಬಾ ಮನೆಗಳಲ್ಲಿ ನಡೀತಿರೋದೇ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತೆ, ಬಿಪಿ ಏರಿಸುತ್ತೆ, ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡುತ್ತೆ. ಹಾರ್ಟ್ ವೀಕ್ ಇರೋರಿಗೆ ಕಾಲು ಊತ, ಉಬ್ಬಸ ಜಾಸ್ತಿ ಆಗಬಹುದು. ಕೆಲವು ಬಿಪಿ ಮಾತ್ರೆ, ನೀರು ಹೋಗೋ ಮಾತ್ರೆ, ಜೊತೆಗೆ ಇದು, ಮೂರೂ ಸೇರಿದ್ರೆ ಕಿಡ್ನಿ ಇದ್ದಕ್ಕಿದ್ದ ಹಾಗೆ ಕೈಕೊಡೋ ಅಪಾಯಾನೂ ಇದೆ. ಅಂದ್ರೆ ಬೇಕಾದ ಮಾತ್ರೆ ಹೊಟ್ಟೆಗೆ ಹೋಗ್ತಿಲ್ಲ, ಬೇಡವಾದ್ದು ಹೋಗ್ತಿದೆ, ಎರಡೂ ಗೊತ್ತಿಲ್ಲದ ಡಾಕ್ಟರ್‌ಗಳು ಪಾಪ ಚಾರ್ಟ್ ನೋಡಿ ಡೋಸ್ ಏರಿಸ್ತಿದಾರೆ.

ನಾನು ಹೇಳಿದ್ದು ಇಷ್ಟು. ಆ ನೋವಿನ ಮಾತ್ರೆ ಒಂದನ್ನ ನಿಲ್ಲಿಸಿ, ಅದನ್ನೂ ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ ಹೇಳಿ, ಬೇರೆ ಯಾವ ಮಾತ್ರೆನೂ ನೀವಾಗೇ ನಿಲ್ಲಿಸ್ಬೇಡಿ. ಮನೇಲಿರೋ ಎಲ್ಲಾ ಮಾತ್ರೆ, ಮುಲಾಮು, ಯಾರೋ ಕೊಟ್ಟ ಪುಡಿ, ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಒಬ್ಬರೇ ಡಾಕ್ಟರ್ ಹತ್ರ ಹೋಗಿ, ಇದು ಯಾವುದಕ್ಕೆ, ಇನ್ನೂ ಬೇಕಾ ಅಂತ ಒಂದೊಂದಾಗಿ ಕೇಳಿ. ಎಸೆದಿದ್ದನ್ನೂ ಹೇಳಿ, ಬೈಸ್ಕೊಂಡ್ರೂ ಪರವಾಗಿಲ್ಲ. ನೀರಿನ ಮಾತ್ರೆ ಹೊತ್ತು ಬದಲಾಯಿಸಬಹುದಾ, ಮಂಡಿಗೆ ಕಿಡ್ನಿಗೆ ಏಟು ಬೀಳದ ದಾರಿ ಏನಿದೆ ಕೇಳಿ. ಮಂಚದ ಹತ್ರಾನೇ ಕಮೋಡ್ ಕುರ್ಚಿ ಇಡಿ. ಮಗಳಿಗೆ ಇನ್ನೊಂದು ಮಾತು, ಬೆಳಿಗ್ಗೆ ಎದ್ದ ತಕ್ಷಣ ಶುಗರ್ ಎಷ್ಟು ಅಂತ ಶುರು ಮಾಡ್ಬೇಡಿ, ರಾತ್ರಿ ಹೇಗಿತ್ತು ಅಂತ ಮೊದಲು ಕೇಳಿ.

ಆಪ್ತಸಲಹೆಗಾರರಿಗೆ ಮಾತ್ರೆ ಉಸಾಬರಿ ಯಾಕೆ ಅಂತ ಅಣ್ಣ ಫೋನ್ ಮಾಡಿ ಕೇಳಿದ. ನಾನು ಮಾತ್ರೆ ಬದಲಾಯಿಸಿಲ್ಲಪ್ಪ, ಡಾಕ್ಟರ್‌ಗೆ ಏನು ಹೇಳ್ಬೇಕು, ಏನು ಕೇಳ್ಬೇಕು ಅಂತ ಹೇಳ್ಕೊಟ್ಟೆ ಅಷ್ಟೇ. ಕೋಪದ ಬಗ್ಗೆ ಮಾತ್ರ ಮಾತಾಡಿ ಉಸಿರಾಟದ ವ್ಯಾಯಾಮ ಹೇಳ್ಕೊಟ್ಟು ಕಳಿಸಿದ್ರೆ ಕೋಪದ ಬೇರು ಹಾಗೇ ಉಳೀತಿತ್ತು. ಒಂದೊಂದು ಕಾಯಿಲೆಗೂ ಒಂದೊಂದು ಗೈಡ್‌ಲೈನ್ ಇರುತ್ತೆ, ಎಲ್ಲಾ ಸೇರಿದ್ರೆ ಏನಾಗುತ್ತೆ ಅಂತ 2005ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ನೋಡಿದ್ರು, ಐದು ಕಾಯಿಲೆ ಇರೋ 79 ವರ್ಷದ ಕಾಲ್ಪನಿಕ ಅಜ್ಜಿಗೆ 12 ಥರ ಔಷಧಿ ಆಯ್ತು, ದಿನಕ್ಕೆ 19 ಡೋಸ್. ಅದನ್ನೆಲ್ಲ ಒಬ್ಬ ಮನುಷ್ಯ ಹೊರಬೇಕಲ್ಲ! ಎಲ್ಲಾ ನಂಬರೂ ಸರಿ ಬರ್ಲೇಬೇಕು ಅನ್ನೋ ಹಟ ಬಿಡಿ ಅಂತ ನಾನು ಹೇಳೋದು ಸೋಮಾರಿತನಕ್ಕಲ್ಲ. ವಯಸ್ಸಾಗಿ ಹಲವು ಕಾಯಿಲೆ ಇರೋರಿಗೆ ಶುಗರ್ ಗುರಿ ಸಡಿಲ ಮಾಡೋದು ಡಾಕ್ಟರ್‌ಗಳೇ ಒಪ್ಪಿರೋ ವಿಷಯ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) 8ರ ಒಳಗಿದ್ರೆ ಸಾಕು ಅಂತಾರೆ, ತೀರಾ ಇಳಿಸೋಕೆ ಹೋಗಿ ಲೋ ಶುಗರ್ ಆಗಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರಿಗೆ ಲಾಭ. ನಿಮ್ಮ ಮನೆಯವರಿಗೆ ಎಷ್ಟು ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರಾನೇ ಕೇಳಿ.

ಈಗ ನೀರಿನ ಮಾತ್ರೆ ಬೆಳಿಗ್ಗೆಗೆ ಬಂದಿದೆ, ಮಂಡಿಗೆ ಪ್ಯಾರಾಸಿಟಮಾಲ್, ಫಿಸಿಯೋಥೆರಪಿ ನಡೀತಿದೆ, ಕಾಲು ಊತ ಇಳಿದಿದೆ. ಕಿಡ್ನಿ ಮೊದಲಿನ ಹಾಗೆ ಆಗಲ್ಲ, ಅದು ಇಬ್ಬರಿಗೂ ಗೊತ್ತು. ಮಗಳ ಕೋಪ ಪೂರ್ತಿ ಹೋಗಿಲ್ಲ, ಅಣ್ಣನ ಮೇಲಿರೋದು ಇನ್ನೂ ಹಾಗೇ ಇದೆ, ಅದರ ಸೆಷನ್ ಬಾಕಿ. ಚಾರ್ಟಲ್ಲಿ ಕಾಲಂ ಕಮ್ಮಿ ಮಾಡಿದಾರೆ, ತೂಕದ್ದು ಮಾತ್ರ ತೆಗೀಬೇಡಿ ಅಂದಿದೀನಿ, ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದ್ರೆ ನೀರು ತುಂಬ್ತಿರಬಹುದು, ಅವತ್ತೇ ಡಾಕ್ಟರ್‌ಗೆ ಫೋನ್ ಮಾಡ್ಬೇಕು.