ರಂಗನತಿಟ್ಟಿಗೆ 70-300 ಎಂಎಂ ಜೂಮ್ ಲೆನ್ಸ್ ಸಾಕಾಗುತ್ತಾ? ಯಾವ ತಿಂಗಳಲ್ಲಿ ಹೋಗಬೇಕು?

ಸಾಕು. ಹೊಸ ಕ್ಯಾಮೆರಾ, ಒಂದೇ ದಿನದ ರಜೆ ಅಂತ ಬರೆದಿದ್ದೀರಿ. ದೊಡ್ಡ ಲೆನ್ಸ್ ಬಾಡಿಗೆಗೆ ತರೋ ದುಡ್ಡಲ್ಲಿ ಎರಡನೇ ಸಲ ದೋಣಿ ಹತ್ತಿ, ಅದೇ ಲಾಭ.

ಯಾಕೆ ಅಂದ್ರೆ, ಅಲ್ಲಿ ಹಕ್ಕಿಗಳು ನಿಜಕ್ಕೂ ಹತ್ತಿರ ಸಿಗುತ್ತವೆ. ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದಾಗಿ ಆದ ತಿಟ್ಟುಗಳು ಅವು. ಸುತ್ತ ನೀರು, ನೀರಲ್ಲಿ ಮೊಸಳೆ. ಗೂಡಿನ ಹತ್ತಿರ ನಾಯಿ, ಬೆಕ್ಕು ಸುಳಿಯೋದು ಕಷ್ಟ. ಹುಟ್ಟು ಹಾಕೋ ದೋಣಿ ದಿನಾ ಕಂಡು ಅಭ್ಯಾಸ ಆಗಿರೋದರಿಂದ ಹಕ್ಕಿಗಳು ತಲೆ ಕೆಡಿಸಿಕೊಳ್ಳೋದಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ್ದೂ ಈ ಗೂಡುಗಳಿಗಾಗಿಯೇ.

ನಾನು ಹೋಗೋದು ಫೆಬ್ರವರಿ ಕೊನೆ, ಇಲ್ಲಾ ಮಾರ್ಚ್. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸಿಬಿಡ್ತಾರೆ, ಆಗ ದಡದಲ್ಲಿ ನಿಂತು ಬಾವಲಿ ಎಣಿಸಬೇಕಷ್ಟೆ.

ನನ್ನ ಮೊದಲ ಸಲದ ಪಾಡು ಹೇಳ್ತೀನಿ. ದೋಣಿ ಹೊರಟ ಹತ್ತು ನಿಮಿಷಕ್ಕೇ ಕಂಡಿದ್ದನ್ನೆಲ್ಲ ಕ್ಲಿಕ್ಕಿಸಿ ಕಾರ್ಡ್ ತುಂಬಿಸಿದ್ದೆ. ಬಹುಪಾಲು, ಮರದ ಮೇಲೆ ಸುಮ್ಮನೆ ಕೂತ ಬೆಳ್ಳಕ್ಕಿ. ಆಮೇಲೆ ಬಂಡೆಯೊಂದರ ಮೇಲೆ ರಿವರ್ ಟರ್ನ್ ಜೋಡಿ ಕಂಡಿತು. ಕನ್ನಡದಲ್ಲಿ ರೀವ ಅಂತಾರೆ. ಕರಿ ಟೋಪಿ, ಹಳದಿ ಕೊಕ್ಕು. ಗಂಡು ಬೆರಳುದ್ದದ ಮೀನು ಕಚ್ಚಿಕೊಂಡು ಬಂದು ಹೆಣ್ಣಿನ ಮುಂದೆ ಕತ್ತು ಕುಗ್ಗಿಸಿ ನಿಂತಿತು. ಅವಳು ನೋಡಿಯೂ ನೋಡದ ಹಾಗೆ ಆಚೆ ತಿರುಗಿದಳು. ಅದು ಬಂಡೆ ಸುತ್ತಿ ಮತ್ತೆ ಎದುರಿಗೆ ಬಂತು. ಕೊನೆಗೆ ಅವಳು ಮೀನು ತೆಗೆದುಕೊಂಡಾಗ ನಾನು ಕೂತು ಬೆಳ್ಳಕ್ಕಿ ಡಿಲೀಟ್ ಮಾಡ್ತಿದ್ದೆ! ಅಂಬಿಗರು, ‘ಅದನ್ನ ತೆಗೀಲಿಲ್ವಾ ಸಾರ್?’ ಅಂದರು. ಏನು ಹೇಳೋದು?

ಅದಕ್ಕೇ ಹೇಳೋದು, ಮೊದಲ ಸುತ್ತಿನಲ್ಲಿ ಕ್ಯಾಮೆರಾ ತೊಡೆ ಮೇಲಿರಲಿ. ಯಾರು ಎಲ್ಲಿ ಗೂಡು ಕಟ್ಟಿದ್ದಾರೆ, ಯಾರು ಮೀನು ಹಿಡೀತಿದ್ದಾರೆ ನೋಡಿಕೊಳ್ಳಿ. ಬಿಸಿಲೇರಿದಾಗ ಬಣ್ಣದ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಬಿಚ್ಚಿ ಕೊಡೆ ಹಿಡಿದ ಹಾಗೆ ನಿಲ್ಲುತ್ತೆ, ಮರಿಗಳು ಆ ನೆರಳಲ್ಲಿ. ಅದು ಬೆಳಗಿನ ಚೆಂದದ ಬೆಳಕಲ್ಲಿ ಸಿಗೋ ಫೋಟೋ ಅಲ್ಲ. ಬಾಯ್ಕಳಕ (ಓಪನ್‌ಬಿಲ್ ಕೊಕ್ಕರೆ) ಸಿಕ್ಕರೆ ಕೊಕ್ಕನ್ನ ಗಮನಿಸಿ, ಮೇಲಿನದಕ್ಕೂ ಕೆಳಗಿನದಕ್ಕೂ ಮಧ್ಯೆ ಸಂದಿ ಕಾಣುತ್ತೆ. ಬಸವನಹುಳು ತಿನ್ನೋ ಹಕ್ಕಿ ಅದು.

ಟ್ರೈಪಾಡ್ ಮನೆಯಲ್ಲೇ ಬಿಡಿ, ದೋಣಿ ಅಲುಗಾಡೋವಾಗ ಅದು ದಂಡ. ಹಾರುವ ಹಕ್ಕಿಗೆ ಶಟರ್ ವೇಗ 1/1600 ಸೆಕೆಂಡ್‌ಗಿಂತ ಕೆಳಗೆ ಇಳಿಸಬೇಡಿ, ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ಆದರೂ ಚಿಂತೆಯಿಲ್ಲ. ಕರಿ ಬಂಡೆ ಮೇಲೆ ಬಿಳಿ ಹಕ್ಕಿ ಕೂತಿದ್ದರೆ ಕ್ಯಾಮೆರಾ ಮೋಸ ಹೋಗಿ ಗರಿಯೆಲ್ಲ ಸುಣ್ಣದ ಗೋಡೆ ಆಗುತ್ತೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದ್ರೆ ಬೆಳಕು ಅರ್ಧಕ್ಕೆ, ತಗ್ಗಿಸಿ. ಇನ್ನೊಂದು, ನೀರಿನ ಮಟ್ಟಕ್ಕೆ ಬರಲಿ ಅಂತ ಕೈ ಹೊರಗೆ ಚಾಚಬೇಡಿ. ಬಾಯಿ ತೆರೆದು ಬಂಡೆ ಮೇಲೆ ಮಲಗಿರೋದು ಗೊಂಬೆ ಅಲ್ಲ.

ಗೂಡಿನ ಹತ್ತಿರ ಇನ್ನೂ ಸ್ವಲ್ಪ ಬಿಡಿ ಅಂತ ಅಂಬಿಗರನ್ನ ಕಾಡಬೇಡಿ. ರೀವ ಬರೀ ಬಂಡೆ ಮೇಲೆ ಮೊಟ್ಟೆ ಇಡುತ್ತೆ. ತಾಯಿ ಎದ್ದು ಹೋದರೆ ಮಾರ್ಚ್ ಬಿಸಿಲಿಗೆ ಅವು ಬೇಯುತ್ತವೆ.

ಬೆಂಗಳೂರಿಗೆ ವಾಪಸ್ ಹೋಗೋರಾದರೆ ದಾರಿಯಲ್ಲಿ ಮದ್ದೂರು ಕಡೆ ಕೊಕ್ಕರೆ ಬೆಳ್ಳೂರಿಗೆ ತಿರುಗಿಸಿ. ಅಲ್ಲಿ ದೋಣಿಯೂ ಬೇಡ, ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಮರಗಳ ಮೇಲೇ ಸಂಸಾರ ಹೂಡಿವೆ. ಯಾರದಾದರೂ ಹಿತ್ತಿಲಿಗೆ ಹೋಗೋ ಮುಂಚೆ ಮನೆಯವರನ್ನ ಒಂದು ಮಾತು ಕೇಳಿ. ಟೋಪಿಯಂತೂ ಮರೀಬೇಡಿ, ಬಿಸಿಲಿಗಲ್ಲ, ಮರದ ಕೆಳಗೆ ನಿಲ್ಲೋದಕ್ಕೆ.