ಓದುಗರ ಪ್ರಶ್ನೆ: ಅಟ್ಲಾಂಟಾದ ಮೇಯರ್ ಮತ್ತು ಪೌರಕಾರ್ಮಿಕರು

ಪ್ರಶ್ನೆ: ಅಮೆರಿಕದ ಅಟ್ಲಾಂಟಾ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಊರು. ಅಲ್ಲಿ ಕಪ್ಪುವರ್ಣೀಯರೇ ಮೇಯರ್ ಆದ ಮೇಲೆ ನಾಗರಿಕ ಹಕ್ಕುಗಳ ಚಳವಳಿಯ ಆಶಯಗಳು ಆಡಳಿತದಲ್ಲಿ ಉಳಿದುಕೊಂಡವೇ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಉಳಿದುಕೊಂಡವು, ಆದರೆ ಎಲ್ಲರ ಪಾಲಿಗೂ ಒಂದೇ ಬಗೆಯಲ್ಲಿ ಅಲ್ಲ. 1973ರಲ್ಲಿ ಆಗಿನ ಮೇಯರ್ ಸ್ಯಾಮ್ ಮಸೆಲ್ ಅವರನ್ನು ಸೋಲಿಸಿ, ಮರುವರ್ಷದ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಮೇನಾರ್ಡ್ ಜಾಕ್ಸನ್ ಅವರಿಗೆ ಆಗ 35 ವರ್ಷ. ಅಮೆರಿಕದ ದಕ್ಷಿಣದ ದೊಡ್ಡ ನಗರವೊಂದಕ್ಕೆ ಅವರೇ ಮೊದಲ ಕಪ್ಪುವರ್ಣೀಯ ಮೇಯರ್. ನಗರದ ಗುತ್ತಿಗೆಗಳಲ್ಲಿ ಕಪ್ಪುವರ್ಣೀಯರೇ ಮೊದಲಾದ ಅಲ್ಪಸಂಖ್ಯಾತರ ಪಾಲು ಶೇ. 1ನ್ನೂ ಮುಟ್ಟದಿದ್ದ ಕಾಲವದು. ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಕಟ್ಟುವಾಗ ಕಾಲು ಭಾಗದಷ್ಟು ಕೆಲಸ ಅವರಿಗೆ ಸಿಗಲೇಬೇಕು, ಇಲ್ಲವಾದರೆ ರನ್‌ವೇಯಲ್ಲಿ ಕಳೆ ಬೆಳೆದರೂ ಚಿಂತೆಯಿಲ್ಲ ಎಂದು ಜಾಕ್ಸನ್ ಪಟ್ಟು ಹಿಡಿದರು. ಬಿಳಿಯ ಉದ್ಯಮಿಗಳು ಮುನಿಸಿಕೊಂಡರು. ಆದರೂ 1980ರ ಸೆಪ್ಟೆಂಬರಿನಲ್ಲಿ ಟರ್ಮಿನಲ್ ತೆರೆಯಿತು. ಆ ನಗರದಲ್ಲಿ ಕಪ್ಪುವರ್ಣೀಯ ಮಧ್ಯಮ ವರ್ಗ ಬೆಳೆದದ್ದರಲ್ಲಿ ಈ ಹಟದ ಪಾಲು ದೊಡ್ಡದು.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಪರೀಕ್ಷೆ ಎದುರಾದದ್ದು ಕಸದ ಲಾರಿಗಳ ಬಳಿ. 1968ರಲ್ಲಿ ಮೆಂಫಿಸ್ ನಗರದ ಪೌರಕಾರ್ಮಿಕರಿಬ್ಬರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಾಗ, ಅವರ ಸಹಕಾರ್ಮಿಕರು ‘ನಾನೂ ಮನುಷ್ಯ’ ಎಂಬ ಫಲಕ ಹಿಡಿದು ಬೀದಿಗಿಳಿದಿದ್ದರು. ಕಿಂಗ್ ಕೊಲೆಯಾದದ್ದು ಅವರ ಮುಷ್ಕರವನ್ನು ಬೆಂಬಲಿಸಲು ಅಲ್ಲಿಗೆ ಹೋಗಿದ್ದಾಗಲೇ. 1970ರಲ್ಲಿ ಅಟ್ಲಾಂಟಾದ ಪೌರಕಾರ್ಮಿಕರು ಮುಷ್ಕರ ಹೂಡಿದಾಗ ಮೇಯರ್ ಮಸೆಲ್ ಆ ಕಾರ್ಮಿಕರನ್ನು ಕೆಲಸದಿಂದ ತೆಗೆಯಹೊರಟರು, ಉಪಮೇಯರ್ ಆಗಿದ್ದ ಜಾಕ್ಸನ್ ಬಹಿರಂಗವಾಗಿ ಕಾರ್ಮಿಕರ ಪರ ನಿಂತರು. ಏಳು ವರ್ಷಗಳ ನಂತರ ಅದೇ ಕಾರ್ಮಿಕರು ಗಂಟೆಗೆ 50 ಸೆಂಟ್ ಹೆಚ್ಚಿಗೆ ಕೇಳಿದಾಗ, ಬೊಕ್ಕಸದಲ್ಲಿ ಹಣವಿಲ್ಲವೆಂದ ಮೇಯರ್ ಜಾಕ್ಸನ್ 900ಕ್ಕೂ ಹೆಚ್ಚು ಜನರನ್ನು ವಜಾ ಮಾಡಿದರು. ಅವರಲ್ಲಿ ಬಹುಪಾಲು ಕಪ್ಪುವರ್ಣೀಯರು; ಅವರ ಸಂಘವೇ ಚುನಾವಣೆಯಲ್ಲಿ ಜಾಕ್ಸನ್ ಅವರಿಗೆ ಬೆನ್ನೆಲುಬಾಗಿತ್ತು. ಕಿಂಗ್ ಅವರ ತಂದೆ, ಹಿರಿಯ ಕಿಂಗ್, ಮೇಯರ್ ಪಕ್ಷ ವಹಿಸಿದರು. ಮುಷ್ಕರ ಮುರಿದುಬಿತ್ತು, ಜಾಕ್ಸನ್ ಅದೇ ವರ್ಷ ಮತ್ತೆ ಗೆದ್ದರು.

ಆಯವ್ಯಯವನ್ನು ಸರಿದೂಗಿಸಲೇಬೇಕೆಂಬ ಕಾನೂನಿನ ಕಟ್ಟು ಅವರ ಮೇಲಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬಿಳಿಯ ಉದ್ಯಮಿಗಳ ಎದುರು ತೋರಿದ ಪಟ್ಟಿನ ಅರ್ಧದಷ್ಟಾದರೂ ಕಸ ಎತ್ತುವವರ ಪರವಾಗಿ ಕಾಣಿಸಲಿಲ್ಲ ಎಂಬುದೂ ಅಷ್ಟೇ ನಿಜ. ಗುತ್ತಿಗೆದಾರನಿಗೆ ಸಂದ ನ್ಯಾಯ ಕೂಲಿಯವನಿಗೆ ಸಲ್ಲಲಿಲ್ಲ.

ಪ್ರಶ್ನೆ: ಆ ಊರಿನ ವಿಮಾನ ನಿಲ್ದಾಣಕ್ಕೆ ‘ಹಾರ್ಟ್ಸ್‌ಫೀಲ್ಡ್-ಜಾಕ್ಸನ್’ ಎಂಬ ಜೋಡಿ ಹೆಸರು ಏಕೆ?
- ಓದುಗರೊಬ್ಬರು, ಪುತ್ತೂರು

ಉತ್ತರ: ವಿಲಿಯಂ ಹಾರ್ಟ್ಸ್‌ಫೀಲ್ಡ್ ಬಹುಕಾಲ ಅಲ್ಲಿನ ಮೇಯರ್ ಆಗಿದ್ದ ಬಿಳಿಯ ನಾಯಕ. 1946ರಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಪ್ರಾಥಮಿಕ ಚುನಾವಣೆಯ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಪದ್ಧತಿ ನ್ಯಾಯಾಲಯದಲ್ಲಿ ಬಿದ್ದುಹೋದಾಗ, ಕಪ್ಪುವರ್ಣೀಯ ಮುಖಂಡ ಜಾನ್ ವೆಸ್ಲಿ ಡಾಬ್ಸ್ ಮತ್ತಿತರರು ಮನೆಮನೆ ತಿರುಗಿ ಕಪ್ಪುವರ್ಣೀಯರನ್ನು ಮತದಾರರ ಪಟ್ಟಿಗೆ ಸೇರಿಸಿದರು. ಮತಗಳ ಲೆಕ್ಕ ಬದಲಾದದ್ದನ್ನು ಕಂಡ ಹಾರ್ಟ್ಸ್‌ಫೀಲ್ಡ್ 1948ರಲ್ಲಿ ಎಂಟು ಮಂದಿ ಕಪ್ಪುವರ್ಣೀಯ ಪೊಲೀಸರ ನೇಮಕಕ್ಕೆ ಒಪ್ಪಿದರು. ಆ ಎಂಟು ಮಂದಿಗೆ ಬಿಳಿಯರನ್ನು ಬಂಧಿಸುವ ಅಧಿಕಾರವಿರಲಿಲ್ಲ. ಠಾಣೆಯಲ್ಲಿ ಜಾಗ ಕೊಡದೆ, ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಕಟ್ಟಡದಲ್ಲಿ ಸಮವಸ್ತ್ರ ತೊಡುವಂತೆ ಮಾಡಲಾಗಿತ್ತು. ಮೇನಾರ್ಡ್ ಜಾಕ್ಸನ್ ಇದೇ ಡಾಬ್ಸ್ ಅವರ ಮಗಳ ಮಗ. 2003ರಲ್ಲಿ ಅವರು ತೀರಿಕೊಂಡ ಬಳಿಕ, ತಾತನೊಂದಿಗೆ ಚೌಕಾಸಿ ನಡೆಸಿದ ಮೇಯರ್ ಹೆಸರಿನ ಪಕ್ಕದಲ್ಲಿ ಮೊಮ್ಮಗನ ಹೆಸರನ್ನೂ ಸೇರಿಸಲಾಯಿತು.